ನೀಲವ್ವನ ಸಹಿ

ನನ್ನ ಜಯಕ್ಕ,

ನೀವು ಹೋಗಿ ಎರಡು ವರ್ಷವಾಯಿತು. ನೀವು ಕಟ್ಟಿದ ಸಂಘಕ್ಕೆ ನಿಮ್ಮ ನಂತರ ನನ್ನನ್ನೇ ಅಧ್ಯಕ್ಷೆ ಮಾಡಿದರು. ಆ ಜಾಗದಲ್ಲಿ ಕೂತು ನಾನು ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳದೆ ಇರಲಾಗುತ್ತಿಲ್ಲ. ನೀವು ಬದುಕಿದ್ದು, ಬೇರೆಯವರ ಬಾಯಿಂದ ಇದನ್ನು ಕೇಳಿದ್ದರೆ... ಇರಲಿ, ಮೊದಲಿನಿಂದ ಹೇಳುತ್ತೇನೆ.

ಪೀಣ್ಯದ ನಮ್ಮ ಗಾರ್ಮೆಂಟ್ಸಿನಲ್ಲಿ ಶೌಚಾಲಯಕ್ಕೆ ಹೋಗಲು ಟೋಕನ್ ಕೇಳಬೇಕಿದ್ದ ದಿನಗಳು ನೆನಪಿವೆಯಾ? ಮೆಷಿನ್ ನಿಲ್ಲಿಸಿ ಕೂರೋಣ ಎಂದು ಸಭೆ ಹೇಳಿದಾಗ ನಾನು ಹೆದರಿ ಬೇಡ ಎಂದಿದ್ದೆ. ಸಭೆ ಮುಗಿದ ಮೇಲೆ ನೀವು ನನ್ನ ಜಡೆ ಎಳೆದು, "ಬೇಡ ಅನ್ನೋದನ್ನ ಸಭೇಲಿ ಬಾಯ್ತುಂಬ ಹೇಳು. ಬಹುಮತ ಬಂದ್ಮೇಲೆ ಜೊತೇಲಿ ನಿಂತ್ಕೋಬೇಕು ಕಣೇ" ಎಂದಿರಿ. ನಿಂತೆ. ಮೂರನೆಯ ದಿನ ಟೋಕನ್ ತೆಗೆದರು. ಅವತ್ತಿನಿಂದ ನನಗೆ ಬಹುಮತವೆಂದರೆ ಎದುರಾಡಬಾರದ ಮಾತು. ಅದಕ್ಕೂ ಒಂದು ಮಿತಿ ಇದೆ ಎಂದು ನೀವು ಯಾವತ್ತಾದರೂ ಹೇಳಿದ್ದಿರಾ? ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲವಾ?

ಈ ಬೇಸಿಗೆಯ ಒಂದು ಮಧ್ಯಾಹ್ನ ಸೂಪರ್‌ವೈಸರ್ ಹೊಲಿದ ಕಾಲರ್‌ಗಳ ಕಟ್ಟನ್ನು ಮಂಗಳಾಳ ಮುಖಕ್ಕೆ ಎಸೆದ. ಹುಬ್ಬು ಒಡೆಯಿತು. ಕಣ್ಣಾರೆ ಕಂಡವರು ನಾಲ್ಕೇ ಜನ. ನಾಲ್ಕು ಜನರ ಮಾತನ್ನು ಮ್ಯಾನೇಜ್‌ಮೆಂಟ್ ಎಲ್ಲಿ ಕೇಳುತ್ತದೆ? ಇಡೀ ವಿಭಾಗವೇ "ನಾನು ಕಣ್ಣಾರೆ ಕಂಡೆ" ಎಂದು ಬರೆದು ಸಹಿ ಹಾಕಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಎಲ್ಲರೂ ಹಾಕಿದರು, ನೀಲವ್ವ ಒಬ್ಬಳನ್ನು ಬಿಟ್ಟು. ಅವಳನ್ನು ನೀವು ಕಂಡಿಲ್ಲ. ಸಿಂದಗಿ ಕಡೆಯವಳು, ತಂಗಿಯ ಜೊತೆ ಲಗ್ಗೆರೆಯಲ್ಲಿ ಬಾಡಿಗೆ ರೂಮಿನಲ್ಲಿದ್ದಾಳೆ. ನೀವು ಹೋದ ಮೇಲೆ ಕೆಲಸಕ್ಕೆ ಸೇರಿದವಳು.

ಹಿಟ್ಟಿನ ಗಿರಣಿಯ ಮೇಲಿನ ನಮ್ಮ ಸಂಘದ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ, ಅವಳು ಎದ್ದು ನಿಂತದ್ದು ಈಗಲೂ ಕಣ್ಣ ಮುಂದಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಆದರೆ ದನಿ ನಡುಗಲಿಲ್ಲ.

"ಕೆಲಸ ಬಂದ್ ಮಾಡೂಣು ಅನ್ರಿ, ನಿಮ್ಮ ಸಂಗಾಟ ಬರ್ತೀನಿ. ಗೇಟಿನ ಮುಂದ ಕುಂಡ್ರು ಅನ್ರಿ, ಕುಂಡ್ರತೀನಿ. ಮಂಗಳಾ ಹೇಳೂದು ಖರೇನ ಐತಿ. ಆದ್ರ ನಾ ಆವತ್ತ ಸ್ಟೋರಿನ್ಯಾಗ ಇದ್ದೆ. ನೋಡ್ಲಾರದ್ದನ್ನ ನೋಡೀನಿ ಅಂತ ಹೆಂಗ ಬರೀಲಿ ಅಕ್ಕಾರ?"

ರತ್ನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಮಂಗಳಾ ಅವಳ ಚಿಕ್ಕಮ್ಮನ ಮಗಳಲ್ಲವೇ, ಸಿಟ್ಟು ಕುದಿಯುತ್ತಿತ್ತು.

"ಇವತ್ತು ಇವ್ಳನ್ನ ಇಂಗೇ ಬಿಟ್ರೆ ನಾಳೆ ಒಬ್ಬೊಬ್ರೇ ಜಾರ್ಕೋತಾರೆ. ಸಹಿ ಹಾಕೋಗಂಟ ಇವ್ಳ್ ಜೊತೆ ಯಾರೂ ಮಾತಾಡ್ಬಾರ್ದು, ಕೂತು ಉಣ್ಬಾರ್ದು. ಒಪ್ಪೋರು ಕೈ ಎತ್ರಿ."

ಕೈಗಳು ಒಂದೊಂದಾಗಿ ಎದ್ದವು. ಎತ್ತದವರನ್ನು ಪಕ್ಕದವರು ತಿರುಗಿ ನೋಡುತ್ತಿದ್ದರು, ಆಮೇಲೆ ಅವರ ಕೈಯೂ ಏಳುತ್ತಿತ್ತು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಅಧ್ಯಕ್ಷೆಯಾದವಳು ಮತ ಹಾಕಲೇಬೇಕೆಂದಿರಲಿಲ್ಲ. ಇದು ತಪ್ಪು ಎಂದು ಒಳಗೊಳಗೇ ಗೊತ್ತಿತ್ತು, ಅಕ್ಕ. ಆದರೂ ಎತ್ತಿದೆ.

ಮರುದಿನ ಮಧ್ಯಾಹ್ನ ನೀಲವ್ವ ಊಟದ ಡಬ್ಬಿ ತೆರೆದ ಕೂಡಲೇ ಆ ಮೇಜಿನಲ್ಲಿದ್ದವರೆಲ್ಲ ಎದ್ದು ಹೋದರು. ಕತ್ತರಿ ಕೇಳಿದರೆ ಕಿವುಡರಂತೆ ಕೂತರು. ಬಸ್ಸಿನಲ್ಲಿ ಅವಳು ಹತ್ತುವುದನ್ನು ಕಂಡು ಖಾಲಿ ಸೀಟಿನ ಮೇಲೆ ಬ್ಯಾಗ್ ಇಟ್ಟರು. ನಮ್ಮವರೇ ಯಾರೋ ಅವಳ ಮನೆ ಓನರ್ ಹತ್ತಿರ ಹೋಗಿ ಚಾಡಿ ಹೇಳಿದರು. "ನಿಮ್ ಸಂಘದೋರೇ ಬ್ಯಾಡ ಅಂದೋಳ್ನ ನಾವ್ಯಾಕೆ ಇಟ್ಕಳ್ಳಣ?" ಎಂದು ಆಯಮ್ಮ ರೂಮು ಖಾಲಿ ಮಾಡಲು ಹೇಳಿದರು. ಸಭೆ ಅದನ್ನು ಹೇಳಿರಲಿಲ್ಲ. ಆದರೆ ಸಭೆ ಶುರು ಮಾಡಿದ್ದನ್ನು ಯಾರು, ಎಲ್ಲಿ ನಿಲ್ಲಿಸಬೇಕಿತ್ತು?

ಒಂಬತ್ತನೆಯ ದಿನ ಮೆಷಿನ್ನಿನ ಸೂಜಿ ಅವಳ ಬೆರಳಿನೊಳಗೆ ಹೊಕ್ಕಿತು. "ಯವ್ವಾ!" ಎಂದು ಕೂಗಿದಳು. ಇಡೀ ಸಾಲಿನ ಮೆಷಿನ್ನುಗಳು ನಿಂತವು. ಯಾರೂ ಏಳಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಅರ್ಧ ಎದ್ದು, ಹಾಗೇ ನಿಂತು ನನ್ನ ಮುಖ ನೋಡಿದಳು. ಅನುಮತಿ ಕೇಳುತ್ತಿದ್ದಳು. ರಕ್ತ ಸುರಿಯುವ ಕೈ ಹಿಡಿಯಲು ಅವಳಿಗೆ ನನ್ನ ಅನುಮತಿ ಬೇಕಾಗಿತ್ತು! ನಾನು ಓಡಿದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಸೂಜಿ ಎತ್ತಿ, ಬೆರಳಿಗೆ ಬಟ್ಟೆ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ರಸ್ತೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಕ್ಷಮೆ ಕೇಳಬೇಕೆಂದುಕೊಂಡೆ, ಆಟೋದವನಿಗೆ ದಾರಿ ಹೇಳಿದೆ.

ಮುಂದಿನ ಭಾನುವಾರ ನಾನೇ ಸಭೆ ಕರೆದೆ. ಬಹಿಷ್ಕಾರ ರದ್ದಾಗಬೇಕು, ಇನ್ನು ಮುಂದೆ ಇಂಥದ್ದನ್ನು ಯಾವ ಸಭೆಯೂ ತೀರ್ಮಾನಿಸಬಾರದೆಂದು ಸಂಘದ ನಿಯಮದಲ್ಲೇ ಬರೆಯಬೇಕು ಎಂದೆ.

"ಅಂಗಾದ್ರೆ ಬಹುಮತಕ್ಕೆ ಬೆಲೆನೇ ಇಲ್ವಾ?" ರತ್ನ ಕೂಗಿದಳು. "ಜಯಕ್ಕ ಇದ್ದಿದ್ರೆ ಇಂಗ್ ಮಾಡ್ತಿದ್ರಾ?"

ನಾನು ಅವಳ ಕಡೆಗೇ ತಿರುಗಿದೆ. "ಜಯಕ್ಕ ಏನ್ಮಾಡ್ತಿದ್ರೋ ನಂಗೊತ್ತಿಲ್ಲ. ಮೆಷಿನ್ ನಿಲ್ಸೋದು ಬಿಡೋದು ಸಭೆ ಹೇಳ್ಲಿ, ಕೇಳೋಣ. ಒಬ್ಬಳ ಕಣ್ಣು ಏನ್ ನೋಡ್ತು ಅನ್ನೋದನ್ನ ನಾವೆಲ್ಲ ಸೇರಿ ತೀರ್ಮಾನ ಮಾಡಕ್ಕಾಗಲ್ಲ ರತ್ನ. ಅವಳ್ಗೆ ಯಾರು ನೀರು ಕೊಡ್ಬೇಕು ಅನ್ನೋದನ್ನೂ."

ಹೇಳಿದೆನೇ ಹೊರತು, ಬಹುಮತಕ್ಕೆ ಬೇಲಿ ಹಾಕಲು ಬಹುಮತವನ್ನೇ ಕೇಳಬೇಕಿತ್ತು. ಈ ಸಲ ಚೀಟಿಯಲ್ಲಿ ಬರೆಯೋಣ, ಯಾರ ಹೆಸರೂ ಬೇಡ ಎಂದು ಪಟ್ಟು ಹಿಡಿದೆ. "ನಮ್ಮಲ್ಲೇನು ಗುಟ್ಟು?" ಎಂದು ಗಲಾಟೆಯಾಯಿತು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಮಂಗಳಾ ಆಗ ಎದ್ದಳು. ಹುಬ್ಬಿನ ಗಾಯ ಇನ್ನೂ ಮಾಸಿರಲಿಲ್ಲ. "ಚೀಟೀಲೇ ಬರೀರಿ. ನಾನೇ ಓದ್ತೀನಿ" ಎಂದಳು. ಅವಳ ಮಾತಿಗೆ ರತ್ನಳೂ ಎದುರಾಡಲಿಲ್ಲ.

ಮಂಗಳಾ ಒಂದೊಂದೇ ಚೀಟಿ ಬಿಡಿಸಿ ಓದಿದಳು. "ಬೇಡ. ಬೇಡ. ಇರಲಿ. ಬೇಡ. ಇರಲಿ..." ಬೇಡ ಎಂದರೆ ಬಹಿಷ್ಕಾರ ಈಗಲೂ ಬೇಡ, ಮುಂದೆಯೂ ಬೇಡ. ಎರಡು ಕಡೆಯ ಚೀಟಿಗಳೂ ಸಮವಾಗಿ ಬೆಳೆಯುತ್ತಿದ್ದವು. ನೀಲವ್ವ ಕಿಟಕಿಯ ಹತ್ತಿರ ಕಟ್ಟು ಹಾಕಿದ ಬೆರಳನ್ನು ಹಿಡಿದು ನಿಂತಿದ್ದಳು. ಕೊನೆಗೆ ಏಳು ಚೀಟಿಗಳಷ್ಟು ಹೆಚ್ಚಾಗಿ ಬೇಡ ಎನ್ನುವುದೇ ಗೆದ್ದಿತು. ಅಷ್ಟು ಜನರಿಗೆ ಮೊದಲ ದಿನವೇ ಬೇಡವಾಗಿತ್ತಾ, ಅಕ್ಕ? ನನ್ನ ಒಂದು ಕೈ ಕೆಳಗಿದ್ದಿದ್ದರೆ ಅವರಲ್ಲಿ ಎಷ್ಟು ಕೈಗಳು ಕೆಳಗಿಳಿಯುತ್ತಿದ್ದವು?

ಹಳೆಯ ಹಾಳೆಯ ಬದಲು ಈಗ ದೂರು ಎರಡು ಹಾಳೆಯಲ್ಲಿದೆ. ಕಂಡ ನಾಲ್ವರು ಕಂಡದ್ದನ್ನು ಬರೆದಿದ್ದಾರೆ. ಉಳಿದವರು ಮಂಗಳಾಳ ಮಾತನ್ನು ನಂಬುತ್ತೇವೆ, ಅವಳ ಜೊತೆಗಿದ್ದೇವೆ ಎಂದು ಬರೆದಿದ್ದಾರೆ. ಆ ಎರಡನೆಯ ಹಾಳೆಯಲ್ಲಿ ಮೊದಲ ಸಹಿ ನೀಲವ್ವನದು. ವಿಚಾರಣೆ ಇನ್ನೂ ಮುಗಿದಿಲ್ಲ, ಏನಾಗುತ್ತದೋ ಗೊತ್ತಿಲ್ಲ. ಓನರಮ್ಮನ ಹತ್ತಿರ ನಾನೇ ಹೋಗಿ ಮಾತಾಡಿದೆ, ರೂಮು ಉಳಿಯಿತು. ಹೋದ ತಿಂಗಳ ಚುನಾವಣೆಯಲ್ಲಿ ನಾನು ಸೋತೆ. ರತ್ನ ಈಗ ಅಧ್ಯಕ್ಷೆ.

ನಿಮಗೆ ಹೇಳಲು ಕಷ್ಟವಾಗುತ್ತಿರುವ ಸುದ್ದಿ ಬೇರೆಯೇ ಇದೆ. ನೀಲವ್ವ ಎಲ್ಲರೊಂದಿಗೂ ಮಾತಾಡುತ್ತಾಳೆ, ರತ್ನಳ ಜೊತೆಗೂ ನಗುತ್ತಾಳೆ. ನನ್ನ ಜೊತೆ ಮಾತ್ರ ಇಲ್ಲ. ಒಮ್ಮೆ ಗೇಟಿನ ಹತ್ತಿರ ತಡೆದು ಯಾಕೆಂದು ಕೇಳಿದೆ. "ರತ್ನಕ್ಕ ಸಿಟ್ಟಿಲೆ ಮಾಡಿದ್ಲು. ನೀವು ಕೈ ಎತ್ತೂಮುಂದ ನಿಮ್ಮ ಮಾರಿ ನೋಡೀನಿ, ತಪ್ಪು ಅಂತ ಗೊತ್ತಿದ್ದೂ ಮಾಡಿದ್ರಿ" ಎಂದು ಹೇಳಿ ನಡೆದುಬಿಟ್ಟಳು. ಮಂಗಳಾ ನಮ್ಮಿಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತೇನೆ ಎನ್ನುತ್ತಾಳೆ. ಬೇಡ ಎಂದಿದ್ದೇನೆ. ಈ ಮೌನ ಯಾರೂ ಹೇಳಿ ಮಾಡಿಸಿದ್ದಲ್ಲ, ಅಕ್ಕ, ಅವಳದೇ. ಅವಳಾಗಿ ಮುರಿಯುವವರೆಗೆ ಕಾಯುತ್ತೇನೆ, ಮುರಿಯದಿದ್ದರೂ ಅವಳನ್ನು ಯಾರೂ ಬಲವಂತ ಮಾಡದ ಹಾಗೆ ನೋಡಿಕೊಳ್ಳುತ್ತೇನೆ.

ನಿಮ್ಮ
ಲಲಿತಾ