ಕೆನೆ ಬಣ್ಣದ ಮೇಲೆ ಕೆನೆ ಬಣ್ಣ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೨೩, ಭಾನುವಾರ

ಪ್ರೀತಿಯ ತಮ್ಮಾ,

ಫೆಬ್ರವರಿ ಒಂಬತ್ತನೇ ತಾರೀಖು ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನೀನು ನಮ್ಮ ವಾಚನಾಲಯದ ಕಂಪ್ಯೂಟರಿನಲ್ಲಿ ಎರಡು ಸಾಲು ಬರೆದೆ. ಅದನ್ನು ಯಾರಿಗೂ ಹೇಳದೆ ಮರುದಿನ ಹಡಗು ಹತ್ತಿದೆ. ಆ ಎರಡು ಸಾಲಿನಿಂದ ಟೈಪ್ ಮೇಷ್ಟ್ರ ಮರ್ಯಾದೆ ಹೋಗಿದೆ. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನಿನ್ನ ಕ್ಷೇಮ ಕೇಳುತ್ತ ಕೇಳುತ್ತ ನನ್ನ ಸಿಟ್ಟು ಇಳಿದುಹೋಗುತ್ತದೆ. ನಿನ್ನ ವಿಷಯದಲ್ಲಿ ನನಗೆ ಹಾಗಾಗುವುದು ನಿನಗೂ ಗೊತ್ತು, ಚಿಕ್ಕಂದಿನಿಂದ ಅದರ ಲಾಭ ಪಡೆದವನು ನೀನು.

ಈಗ ಕೇಳುತ್ತೇನೆ. ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯಲ್ಲಿ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೀಯೋ ಅಥವಾ ಮೊದಲಿನಂತೆ ಕುತ್ತಿಗೆಗೆ ನೇತುಹಾಕಿಕೊಂಡು ತಿರುಗುತ್ತೀಯೋ? ನಿನ್ನ ಹೆಂಡತಿ ಮೊನ್ನೆ ಬಂದಿದ್ದಳು, ಆರೋಗ್ಯವಾಗಿದ್ದಾಳೆ. ಮಗುವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ನಿನ್ನ ಹಾಗೆಯೇ ಕಾಣುತ್ತಾಳೆ. ನಿನ್ನ ಭಾವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ನನ್ನ ಕಣ್ಣು, ಆಪರೇಷನ್ ಆದದ್ದು, ಚೆನ್ನಾಗಿದೆ. ಎಷ್ಟು ಚೆನ್ನಾಗಿದೆಯೆಂದು ಮುಂದೆ ಗೊತ್ತಾಗುತ್ತದೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಫೋನಿನಲ್ಲಿ ನೀನು ಪೂರ್ತಿ ಕೇಳಲಿಲ್ಲ. ನೀನು ಹೋದ ಮರುವಾರ ಗಡಿಯಾರ ರಿಪೇರಿಯವನು ವಾಚನಾಲಯಕ್ಕೆ ಬಂದ. ಬಸ್ ನಿಲ್ದಾಣದ ಗೋಡೆಗೆ ಒರಗಿಕೊಂಡಿರುವ ಆ ಗಾಜಿನ ಪೆಟ್ಟಿಗೆಯೇ ಅವನ ಅಂಗಡಿ, ನಿನಗೆ ನೆನಪಿರಬೇಕು. ಹೊಸ ಮಾರುಕಟ್ಟೆ ಕಟ್ಟಡದಲ್ಲಿ ಹಳಬರಿಗೆ ಮೊದಲು ಜಾಗ ಕೊಡುತ್ತೇವೆಂದು ನಗರಸಭೆಯವರು ಹೇಳಿದ್ದರು, ಅದಕ್ಕೆ ಅರ್ಜಿ ಬರೆಸಬೇಕಿತ್ತು. ಮೇಷ್ಟ್ರು ಎಂದಿನಂತೆ ಮೊದಲು ಕೈಯಲ್ಲಿ ಬರೆದು, ಆಮೇಲೆ ಟೈಪ್ ಮಾಡಿಕೊಟ್ಟರು. ಅವನು ಎಂದಿನಂತೆ ಓದದೆ ಸಹಿ ಹಾಕಿದ. ಮೇಷ್ಟ್ರು ಟೈಪ್ ಮಾಡಿದ್ದನ್ನು ಮತ್ತೆ ಓದುವುದು ನಮ್ಮ ಬೀದಿಯಲ್ಲಿ ಅವರಿಗೆ ಮಾಡುವ ಅವಮಾನ. ಮಾರ್ಚ್ ಮೂರಕ್ಕೆ ಅರ್ಜಿ ವಾಪಸು ಬಂತು. ಎಷ್ಟು ವರ್ಷದಿಂದ ಅದೇ ಜಾಗದಲ್ಲಿ ಕೂತಿದ್ದಾನೆಂದು ಎಲ್ಲೂ ಹೇಳಿಲ್ಲ, ಆದ್ದರಿಂದ ಹಳಬನೆಂದು ಪರಿಗಣಿಸಲಾಗದು ಅಂತ. ಇಪ್ಪತ್ತಾರು ವರ್ಷದ ಕಥೆಯಿದ್ದ ಎರಡನೆಯ ಪ್ಯಾರಾ ಮಾಯವಾಗಿತ್ತು. ಕೈಬರಹದ ಪ್ರತಿಯಲ್ಲಿದೆ, ಅಚ್ಚಾದ ಪ್ರತಿಯಲ್ಲಿಲ್ಲ. ಅದೇ ವಾರ, ಮೇಷ್ಟ್ರೇ ಟೈಪ್ ಮಾಡಿದ್ದ ವಾಚನಾಲಯದ ವಾರ್ಷಿಕ ವರದಿಯಲ್ಲೂ ಒಂದು ಪ್ಯಾರಾ ಕಾಣೆಯಾಗಿದ್ದು ಬೆಳಕಿಗೆ ಬಂತು. ಅದರಲ್ಲಿ ಅಧ್ಯಕ್ಷರಿಗೆ ಧನ್ಯವಾದ ಹೇಳಿದ್ದೆವು. ಗಡಿಯಾರದವನ ಪ್ಯಾರಾ ಹೋದಾಗ ಸುಮ್ಮನಿದ್ದ ಸಮಿತಿ, ಅಧ್ಯಕ್ಷರ ಪ್ಯಾರಾ ಹೋದದ್ದು ತಿಳಿದ ದಿನ ತುರ್ತು ಸಭೆ ಕರೆಯಿತು.

ಮೇಷ್ಟ್ರಿಗೆ ವಯಸ್ಸಾಯಿತು, ಕೈ ನಡುಗುತ್ತದೆ, ಇನ್ನು ಮುಂದೆ ಅವರು ಕಂಪ್ಯೂಟರು ಮುಟ್ಟಬಾರದು ಎಂದು ಮಾರ್ಚ್ ಆರರಂದು ಸೂಚನಾ ಫಲಕದ ಮೇಲೆ ಕಾಗದ ಅಂಟಿಸಿದರು. ಕಾರ್ಯದರ್ಶಿ ಎಂದು ಅದರ ಕೆಳಗೆ ಸಹಿ ಹಾಕಿದವಳು ನಾನೇ. ಹೌದು, ನಾನೇ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು, ತಪ್ಪು ಎಲ್ಲಿಂದ ಬಂತೆಂದು ಹುಡುಕದೆ ಯಾರ ತಲೆಗೂ ಕಟ್ಟಬಾರದೆಂದು ಹತ್ತು ಜನಕ್ಕೆ ಪಾಠ ಹೇಳಿದವಳು. ಮೇಷ್ಟ್ರು ಕಾಗದ ಓದಿದರು, ಕೋಣೆಯ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟರು, "ಕೈ ನಡುಗೋದು ನಿಜ ಕಣಮ್ಮಾ. ಆದ್ರೆ ಆ ಪ್ಯಾರಾ ನಾನು ಬಿಟ್ಟಿಲ್ಲ," ಅಂದರು. ಅಷ್ಟೇ. ಆಮೇಲೆ ಪತ್ರಿಕೆಯ ಬೆಂಚಿಗೆ ಹೋಗಿ ಕೂತರು.

ಮರುದಿನದಿಂದ ಹುಡುಕಲು ಕೂತೆ. ಮೊದಲು ಅರ್ಥವಾದದ್ದು ಇಷ್ಟು: ಪದಗಳನ್ನು ಗುರುತು ಮಾಡಿದರೆ, ಅಂದರೆ ಸೆಲೆಕ್ಟ್ ಮಾಡಿದರೆ, ಮೊದಲು ಅವುಗಳ ಹಿಂದೆ ನೀಲಿ ಪಟ್ಟಿ ಬರುತ್ತಿತ್ತು. ಈಗ ಏನೂ ಬರುತ್ತಿರಲಿಲ್ಲ. ಸೆಲೆಕ್ಟ್ ಆಗುತ್ತಲೇ ಇಲ್ಲವೇನೋ ಎಂದುಕೊಂಡು ರಿಪೇರಿ ಅಂಗಡಿಯವನನ್ನು ಕರೆಸಿದೆ. ಅವನು ಮೌಸ್ ಬದಲಾಯಿಸಿದ, ಆಮೇಲೆ ಕೀಬೋರ್ಡ್ ಬದಲಾಯಿಸಿದ, ಪರದೆಯ ಬೆಳಕು ಏರಿಸಿ ಇಳಿಸಿ ನೋಡಿದ, ಕೊನೆಗೆ ಮೂಲೆಯ ಚಿಹ್ನೆ ನೋಡಿ, "ಇದು ಲಿನಕ್ಸ್ ಅಲ್ವಾ ಮೇಡಂ, ಎಲ್ರೂ ಬಳಸೋ ಸಿಸ್ಟಮ್ ಅಲ್ಲ, ಮೊದ್ಲೇ ಹೇಳ್ಬಾರದಿತ್ತಾ," ಎಂದು ಸ್ಮಶಾನಕ್ಕೆ ಹೋಗಿಬಂದವನಂತೆ ಕೈ ತೊಳೆದುಕೊಂಡು ಹೋದ. ಹಳೆಯ ಮೌಸ್ ಮತ್ತೆ ಸಿಕ್ಕಿಸಿ ನಾನೇ ಪರೀಕ್ಷೆ ಮಾಡಿದೆ. ಗುರುತು ಮಾಡಿದೆ, ಏನೂ ಕಾಣಲಿಲ್ಲ. ನಕಲು ಮಾಡಿ ಬೇರೆ ಕಡೆ ಅಂಟಿಸಿದೆ, ಬಂತು! ಅಂದರೆ ಗುರುತು ಆಗುತ್ತಿದೆ, ಕಣ್ಣಿಗೆ ಮಾತ್ರ ಕಾಣುತ್ತಿಲ್ಲ. ಆಗ ಮೇಷ್ಟ್ರು ಕೆಲಸ ಮಾಡುವ ರೀತಿ ನೆನಪಾಯಿತು. ನಿನಗೆ ಇನ್ನೂ ಚೆನ್ನಾಗಿ ಗೊತ್ತು, ನೀನು ಅವರ ಹತ್ತಿರವೇ ಟೈಪಿಂಗ್ ಕಲಿತವನು.

ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ. ಬೆರಳು ನೋಡಿದವನಿಗೆ ಸ್ಕೇಲಿನ ಏಟು, ನಿನ್ನ ಗೆಣ್ಣಿಗೆ ಬಿದ್ದದ್ದನ್ನು ಮನೆಗೆ ಬಂದು ತೋರಿಸಿ ಅತ್ತಿದ್ದೆಯಲ್ಲ. ಪ್ರತಿ ಪ್ಯಾರಾದ ಮುಂದೆ ಐದು ಸಲ ಸ್ಪೇಸ್ ಹೊಡೆಯಬೇಕೆನ್ನುವುದು ಹಳೆಯ ಯಂತ್ರದ ಕಾಲದ ಅಭ್ಯಾಸ. ಕಂಪ್ಯೂಟರಿಗೆ ಬೇಕಿಲ್ಲ ಅಂದರೂ ಅವರ ಹೆಬ್ಬೆರಳು ಕೇಳುವುದಿಲ್ಲ. ಈಗ ನೋಡು. ಬರೆದು ಮುಗಿಸಿದ ಮೇಲೆ, ಯಾವುದಾದರೂ ಪ್ಯಾರಾಕ್ಕೆ ಮುಂದೆ ಜಾಗ ಬಿಡುವುದು ಮರೆತಿದ್ದರೆ, ಅಲ್ಲಿ ಹೋಗಿ ಮೌಸ್ ಒತ್ತುತ್ತಾರೆ. ಕೈ ನಡುಗುವುದರಿಂದ ಒಂದು ಒತ್ತು ಮೂರೋ ನಾಲ್ಕೋ ಆಗುತ್ತದೆ. ನಾಲ್ಕಾದರೆ ಇಡೀ ಪ್ಯಾರಾ ಸೆಲೆಕ್ಟ್ ಆಗುತ್ತದೆ, ಆಗ ಯಾವ ಕೀಲಿ ಒತ್ತಿದರೂ ಪ್ಯಾರಾ ಅಳಿದು ಒತ್ತಿದ್ದಷ್ಟೇ ಉಳಿಯುತ್ತದೆ. ಮೊದಲಾದರೆ ಕಣ್ಣಂಚಿನಲ್ಲೇ ನೀಲಿ ಕಂಡು, "ಥೂ, ಇದೊಂದು," ಎಂದು ಬೇರೆ ಕಡೆ ಒತ್ತಿ ಬಿಡಿಸಿಕೊಳ್ಳುತ್ತಿದ್ದರು. ನಾನೇ ನೂರು ಸಲ ಕೇಳಿದ್ದೇನೆ ಆ ಥೂ. ಈಗ ನೀಲಿ ಇಲ್ಲ. ಕಣ್ಣು ಕಾಗದಕ್ಕೆ ಮರಳಿತು, ಹೆಬ್ಬೆರಳು ಐದು ಸಲ ಬಡಿಯಿತು, ಇಪ್ಪತ್ತಾರು ವರ್ಷ ಐದು ಖಾಲಿ ಜಾಗವಾಯಿತು. ನಾನು ಅದೇ ಕುರ್ಚಿಯಲ್ಲಿ ಕೂತು ಹಾಗೆಯೇ ಮಾಡಿ ನೋಡಿದೆ. ಪ್ಯಾರಾ ಸದ್ದಿಲ್ಲದೆ ಹೋಯಿತು.

ಕಾರಣ ಗೊತ್ತಾಯಿತು, ಪರಿಹಾರ ಗೊತ್ತಾಗಲಿಲ್ಲ. ಅಂತರಜಾಲದಲ್ಲಿ ಹುಡುಕಿದೆ. ಹನ್ನೊಂದು ವರ್ಷದ ಹಿಂದೆ ಒಬ್ಬ ಇದೇ ಪ್ರಶ್ನೆಯನ್ನು ಪದಕ್ಕೆ ಪದ ಕೇಳಿದ್ದಾನೆ. ಮೂರು ಜನ ಉತ್ತರಿಸಿದ್ದಾರೆ. ಒಬ್ಬ, ನನ್ನ ಯಂತ್ರದಲ್ಲಿ ಸರಿಯಾಗಿಯೇ ಇದೆ ಅಂದ. ಇನ್ನೊಬ್ಬ, ನೀನು ಈ ಲಿನಕ್ಸ್ ಬಳಸುವುದೇ ತಪ್ಪು, ನಾನು ಬಳಸುವ ಲಿನಕ್ಸ್ ಬಳಸು ಅಂದ. ಕೊನೆಯದು ಪ್ರಶ್ನೆ ಕೇಳಿದವನದೇ: ಸರಿಹೋಯಿತು, ಎಲ್ಲರಿಗೂ ಧನ್ಯವಾದ. ಹೇಗೆ ಸರಿಹೋಯಿತೆಂದು ಹೇಳಿಲ್ಲ, ಮಹಾನುಭಾವ! ಅವನು ಎಲ್ಲಿದ್ದಾನೋ, ಅವನ ಮೊಮ್ಮಕ್ಕಳೂ ಕಳೆದುಹೋದ ಕನ್ನಡಕ ಹುಡುಕುತ್ತಲೇ ಇರಲಿ. ಇಷ್ಟು ಮಾತ್ರ ತಿಳಿಯಿತು: ಈ ಬಣ್ಣವನ್ನು ಬರವಣಿಗೆಯ ತಂತ್ರಾಂಶ ತಾನೇ ನಿರ್ಧರಿಸುವುದಿಲ್ಲ, ಪರದೆಯ ಥೀಮ್, ಅಂದರೆ ಇಡೀ ಪರದೆಗೆ ಹಾಕುವ ಬಣ್ಣದ ವೇಷ, ಹೇಳಿದ್ದನ್ನು ಕೇಳುತ್ತದೆ. ಥೀಮ್ ಪಟ್ಟಿ ತೆರೆದೆ. ನೀನು ಹಾಕಿದ ಕೆನೆ ಬಣ್ಣದ 'ಹಳೇ ಕಾಗದ' ಅಲ್ಲಿತ್ತು. ಅದನ್ನು ತೆಗೆದು ಬೇರೆ ಹಾಕಿದೆ. ನೀಲಿ ಬರಲಿಲ್ಲ. ಮತ್ತೊಂದು ಹಾಕಿದೆ, ಕಪ್ಪು ಹಾಕಿದೆ, ಬೂದು ಹಾಕಿದೆ, ಯಾವನೋ ಹುಚ್ಚ ಮಾಡಿದ ಗುಲಾಬಿ ಬಣ್ಣದ್ದನ್ನೂ ಹಾಕಿದೆ. ಅಂಚುಗಳು ಬದಲಾದವು, ಗುಂಡಿಗಳು ಬದಲಾದವು, ನೀಲಿ ಮಾತ್ರ ಇಲ್ಲ. ನಾಲ್ಕು ದಿನ ತಮ್ಮಾ. ಭಾವ ಬಂದು ನೋಡಿ, "ನಿನ್ನ ತಮ್ಮ ಆ ಹಡಗಿನ ಅಪಾಯದ ಕೆಂಪು ದೀಪಕ್ಕೂ ಕೆನೆ ಬಣ್ಣ ಬಳಿದಿರ್ತಾನೆ, ನೋಡ್ತಿರು," ಎಂದು ಚಹಾ ಕೊಟ್ಟು ಹೋದರು.

ಐದನೆಯ ದಿನ, ಓದುಗರಿಗೆಂದು ಇಟ್ಟಿರುವ ಅತಿಥಿ ಖಾತೆಯಿಂದ ಒಳಹೊಕ್ಕೆ. ಅಲ್ಲಿ ನೀಲಿ ಇತ್ತು! ಅದೇ ಯಂತ್ರ, ಅದೇ ಪರದೆ. ಅಂದರೆ ದೋಷ ಮೇಷ್ಟ್ರೂ ನಾನೂ ಬಳಸುವ ಖಾತೆಯೊಳಗೇ ಎಲ್ಲೋ ಇದೆ. ಅಡಗಿಸಿಟ್ಟ ಫೈಲುಗಳನ್ನು ತೋರಿಸುವುದು ಹೇಗೆಂದು ಓದಿಕೊಂಡು, ಹೆಸರಿನ ಮುಂದೆ ಚುಕ್ಕೆ ಇಟ್ಟುಕೊಂಡು ಅವಿತಿದ್ದ ಫೋಲ್ಡರುಗಳನ್ನು ಒಂದೊಂದಾಗಿ ತೆರೆದೆ. ಒಂದರಲ್ಲಿ ಪುಟ್ಟ ಫೈಲ್. ತಾರೀಖು ಫೆಬ್ರವರಿ ಒಂಬತ್ತು, ಮೂರು ನಲವತ್ತು. ಯಾವ ಥೀಮ್ ಹಾಕಿದರೂ ಅದರ ಮೇಲೆ ಸವಾರಿ ಮಾಡುವ ಎರಡು ಸಾಲು. ಒಂದರಲ್ಲಿ ಕಾಗದದ ಬಣ್ಣದ ಆರು ಅಕ್ಷರದ ಸಂಕೇತ, ಇನ್ನೊಂದರಲ್ಲಿ ಸೆಲೆಕ್ಟ್ ಆದ ಪದದ ಹಿಂದಿನ ಬಣ್ಣದ ಸಂಕೇತ. ಪರದೆಗೆ ಸ್ಕೇಲು ಹಿಡಿದು, ಕರಡು ನೋಡುವಂತೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಆರಕ್ಕೆ ಆರೂ ಒಂದೇ. ಕೆನೆ ಬಣ್ಣದ ಮೇಲೆ ಕೆನೆ ಬಣ್ಣ. ಎರಡನೆಯ ಸಾಲು ಅಳಿಸಿ, ಹೊರಬಂದು ಮತ್ತೆ ಒಳಹೊಕ್ಕೆ. ಬಂತು ನೋಡು ನೀಲಿ. ಒಬ್ಬಳೇ ಕೂತು ಆ ನೀಲಿಗೆ ಬೈದೆ, ಬೇರೆ ಯಾರೂ ಸಿಗಲಿಲ್ಲ.

ನೀನು ಏಕೆ ಹಾಗೆ ಮಾಡಿದೆಯೆಂಬುದೂ ನನಗೆ ನೆನಪಿದೆ. ಜನವರಿಯಲ್ಲಿ, ಕಣ್ಣಿನ ಪಟ್ಟಿ ಬಿಚ್ಚಿದ ವಾರ, ಆ ನೀಲಿ ಸೂಜಿಯಂತೆ ಚುಚ್ಚುತ್ತದೆ ಎಂದು ನಾನೇ ಗೊಣಗಿದ್ದೆ. ನೀನು ಅಕ್ಕನ ಕಣ್ಣಿಗೆ ಹಿತವಾಗಲೆಂದು ಕೂತು ಇದನ್ನೆಲ್ಲ ಮಾಡಿದೆ. ಒಪ್ಪುತ್ತೇನೆ. ಆದರೆ ತಗ್ಗಿಸು ಅಂದಿದ್ದೆ, ಇಲ್ಲವಾಗಿಸು ಅನ್ನಲಿಲ್ಲ. ಮಾಡಿದವನು ಒಂದು ಪದವನ್ನಾದರೂ ಗುರುತು ಮಾಡಿ ನೋಡಬೇಡವೇ? ಬೇರೆಯವರೂ ಕೂರುವ ಕುರ್ಚಿ ಅದು ಎಂಬ ನೆನಪು ಬೇಡವೇ? ನಮ್ಮ ಮುದ್ರಣಾಲಯದಲ್ಲಿ ಒಂದು ಅಲ್ಪವಿರಾಮ ಸರಿಸಿದರೂ ಅಂಚಿನಲ್ಲಿ ಸಣ್ಣ ಸಹಿ ಹಾಕಬೇಕಿತ್ತು, ನಾಳೆ ಯಾರಾದರೂ ಕೇಳಿದರೆ ಮಾಡಿದವರು ನಿಂತು ಉತ್ತರ ಹೇಳಲಿ ಎಂದು. ನಿನ್ನ ಎರಡು ಸಾಲಿಗೆ ಸಹಿ ಇರಲಿಲ್ಲ. ಫೋನ್ ಮಾಡಿದಾಗ ನೀನು ನಕ್ಕು, "ಅಯ್ಯೋ ಅಕ್ಕಾ, ಬರೀ ಬಣ್ಣ ತಾನೇ, ಅಳ್ಸಾಕು. ಮೇಷ್ಟ್ರಿಗೆ ನಾನು ಬಂದ್ಮೇಲೆ ಹೇಳ್ತೀನಿ ಬಿಡು," ಅಂದೆ. ನೀನು ಬರುವುದು ಆಗಸ್ಟಿನಲ್ಲಿ. ಅಲ್ಲಿಯವರೆಗೆ ಅವರು ಆ ಬೆಂಚಿನ ಮೇಲೆ ಹಿಂದಿನ ದಿನದ ಪತ್ರಿಕೆ ಓದುತ್ತ ಕೂರಬೇಕೇ? ಈಗ ಅರ್ಜಿ ಬರೆಸಲು ಬಂದವರು ಅವರ ಮುಂದೆಯೇ ಹಾದು, ಪಕ್ಕದ ಬೀದಿಯ ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಗಡಿಯಾರದವನ ಅರ್ಜಿಯನ್ನು ನಾನು ಸರಿಮಾಡಿ ಮತ್ತೆ ಕೊಟ್ಟಿದ್ದೇನೆ, ನಗರಸಭೆಯವರು ತೆಗೆದುಕೊಂಡರು, ಅವನ ಹೆಸರು ಪಟ್ಟಿಯಲ್ಲಿದೆ. ಅವನಿಗೆ ನ್ಯಾಯ ಸಿಕ್ಕಿತು. ಮೇಷ್ಟ್ರಿಗೆ ಸಿಕ್ಕಿಲ್ಲ.

ಅಧ್ಯಕ್ಷರಿಗೆ ಎಲ್ಲ ವಿವರಿಸಿದೆ, ಕೂರಿಸಿ ತೋರಿಸಿಯೂ ಕೊಟ್ಟೆ. "ಅಲ್ಲ ಮೇಡಂ, ಬಣ್ಣ ಹೋಗಿ ಪ್ಯಾರಾ ತಿನ್ನುತ್ತಾ? ಜನ ನಗ್ತಾರೆ," ಅಂದರು. ಬಣ್ಣ ಬದಲಿಸಿದವರು ಯಾರೋ ಅವರು ತಮ್ಮ ಕೈಯಾರೆ ಬರೆದು ಕೊಟ್ಟರೆ ನೋಡೋಣ ಎಂದು ಏಪ್ರಿಲ್ ಇಪ್ಪತ್ತರ ಸಭೆಗೆ ತಳ್ಳಿದ್ದಾರೆ. ನನ್ನ ಸಹಿಯಿದ್ದ ಕಾಗದದ ಪಕ್ಕದಲ್ಲಿ ನಾನು ಕ್ಷಮೆ ಕೇಳಿ ಒಂದು ಕಾಗದ ಅಂಟಿಸಿದ್ದೇನೆ. ಒಬ್ಬಳ ಮಾತು ಸಾಲದಂತೆ.

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಸಿಟ್ಟಿದೆ, ಅದರ ಕೆಳಗೆ ನೀನು ಎಂದಿನ ನೀನೇ. ಭಾವ ಕೇಳಿದ್ದಾರೆಂದು ತಿಳಿಸಲು ಹೇಳಿದರು. ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಇದೊಂದು ಸೇರಿಸಬೇಕು: ಲಕೋಟೆ ಅಂಟಿಸುವ ಹೊತ್ತಿಗೆ ಮೇಷ್ಟ್ರು ಮನೆಗೆ ಬಂದರು. ಆ ಎರಡು ಸಾಲು ಯಾರದೆಂದು ನಾನು ಇನ್ನೂ ಮನೆಯ ಹೊರಗೆ ಯಾರಿಗೂ ಹೇಳಿಲ್ಲ, ಆದರೆ ಅವರು ಊಹಿಸಿದ್ದಾರೆ; ಆ ಯಂತ್ರದ ಒಳಗೆ ಕೈಹಾಕಬಲ್ಲವನು ನೀನೊಬ್ಬನೇ. ಅಚ್ಚುಕಟ್ಟಾಗಿ ಕೈಯಲ್ಲಿ ಬರೆದ ಕಾಗದ ಕೊಟ್ಟರು. ತಪ್ಪು ಪೂರ್ತಿ ತನ್ನದೇ, ವಯಸ್ಸಿನಿಂದ ಆದದ್ದು, ಸಮಿತಿ ಇದನ್ನು ಇಲ್ಲಿಗೇ ಮುಗಿಸಬೇಕು ಎಂದು. "ಹುಡುಗ ದೊಡ್ಡ ಯಂತ್ರಗಳ ಕೆಲಸದಲ್ಲಿದ್ದಾನೆ ಕಣಮ್ಮಾ, ಅವನ ಕೈಕೆಲಸದ ಮೇಲೆ ಮಾತು ಬರಬಾರದು. ನಂದೇನು, ಮುಗೀತು," ಅಂದರು. ಅದನ್ನು ಇಪ್ಪತ್ತಕ್ಕೆ ಸಭೆಯಲ್ಲಿ ಓದಬೇಕಂತೆ. ನಾನು ಓದುವುದಿಲ್ಲ. ಏಪ್ರಿಲ್ ಐದಕ್ಕೆ ನಿನ್ನ ಹಡಗು ಬಂದರು ಸೇರುತ್ತದೆ. ಅಂದೇ, ಯಾವ ದಿನ ಏನು ಬದಲಿಸಿದೆ, ಏಕೆ ಬದಲಿಸಿದೆ, ಯಾರಿಗೂ ಏಕೆ ಹೇಳಲಿಲ್ಲ ಎಂದು ಕೈಯಲ್ಲಿ ಬರೆದು, ಪೂರ್ತಿ ಹೆಸರಿನ ಸಹಿ ಹಾಕಿ, ಫೋಟೋ ತೆಗೆದು ಕಳಿಸು; ಮೂಲ ಪ್ರತಿ ಅಂಚೆಯಲ್ಲಿ ಬರಲಿ. ನನಗೆ ಬರೆಯಬೇಡ, ಮೇಷ್ಟ್ರಿಗೂ ಗುಟ್ಟಾಗಿ ಬರೆಯಬೇಡ. ಅವರನ್ನು ಎಲ್ಲರೆದುರು ಆ ಕುರ್ಚಿಯಿಂದ ಎಬ್ಬಿಸಿದ್ದೇವೆ. ಉತ್ತರವನ್ನು ಎಲ್ಲರೂ ಓದುವ ಆ ಫಲಕಕ್ಕೆ ಬರೆ.