ದುರ್ಬೀನು ಕೊಡದ ಬೀದಿ

ಮಾರ್ಚ್ ೧೪, ಶುಕ್ರವಾರ

ಮೂರು ದಿನದಿಂದ ತಲೆ ತಿನ್ನುತ್ತಿದ್ದ ಸೊನ್ನೆಯ ಗುಟ್ಟು ಇವತ್ತು ಗೊತ್ತಾಯಿತು.

ಜೊತೆಗೂಡಿ ಆಕಾಶ ನೋಡಿದರೆ ಅಕ್ಕಪಕ್ಕದವರು ಹತ್ತಿರವಾಗುತ್ತಾರಾ ಅಂತ ಅಳೆಯುವುದು ನನ್ನ ಕೆಲಸ. ಒಂದು ಬೀದಿಗೆ ದುರ್ಬೀನು ಕೊಟ್ಟು, ಹೋಲಿಸಿ ನೋಡಲು ಕಾಲುವೆಯಾಚೆಯ ಬೀದಿಗೆ ಕೊಡದೆ ಬಿಟ್ಟಿದ್ದೆವು. ಕಷ್ಟ ಬಂದರೆ ಎಷ್ಟು ಮನೆಯ ಬಾಗಿಲು ತಟ್ಟುತ್ತೀರಿ ಅಂತ ಕೇಳಿದಾಗ ಹೋದ ವರ್ಷ ಎರಡೂ ಕಡೆಯವರು ಎರಡು ಅಂದಿದ್ದರು. ಈಗ ಎರಡೂ ಕಡೆಯವರು ಆರು ಅನ್ನುತ್ತಾರೆ. ವ್ಯತ್ಯಾಸ ಸೊನ್ನೆ. ಅಂದರೆ ನಮ್ಮ ಯೋಜನೆಯಿಂದ ಏನೂ ಆಗಿಲ್ಲ ಅಂತ ವರದಿ ಬರೆಯಬೇಕು.

ಬೆಳಿಗ್ಗೆ ದುರ್ಬೀನು ನೋಡಿಕೊಳ್ಳುವ ಟೈಲರ್ ಅಕ್ಕನ ಅಂಗಡಿಗೆ ಹೋದೆ. ಕಾಜಾ ಹೊಲಿಯುತ್ತಾ, ತಲೆ ಎತ್ತದೆ ಹೇಳಿದರು: "ಪ್ರತಿ ಗುರುವಾರ ನಮ್ಮೆಜಮಾನ್ರು ಅದನ್ನ ತಳ್ಳುಗಾಡೀಲಿ ಕಾಲುವೆಯಾಚೆಗೆ ತಗೊಂಡು ಹೋಗ್ತಾರೆ. ಪಾಪ, ಅವರೂ ಶನಿಗ್ರಹದ ಬಳೆ ನೋಡ್ಬೇಡ್ವಾ?"

"ಅಲ್ಲಿಗೆ ಒಯ್ಯಬಾರದಿತ್ತು ಅಕ್ಕಾ."

"ನೀವು ಹೇಳ್ಲೇ ಇಲ್ವಲ್ಲ ಮೇಡಂ."

ನಿಜ, ಹೇಳಿರಲಿಲ್ಲ. ನಗು ತಡೆಯಲಾಗದೆ ಬಟ್ಟೆ ಗಂಟಿನ ಮೇಲೇ ಕೂತುಬಿಟ್ಟೆ.

ಆಫೀಸಿನಲ್ಲಿ ಸಾಹೇಬರು ಮುಖ ಗಂಟು ಹಾಕಿಕೊಂಡು, ಹೋಲಿಸಲು ಬೇರೆ ಬೀದಿ ಹುಡುಕಿ ಅಂದರು. ಬಸ್ ಡಿಪೋ ಹಿಂದಿನದನ್ನು ಗೊತ್ತುಮಾಡಿದೆ. ಮನೆಗೆ ಬರುವಾಗ ಟೈಲರ್ ಅಕ್ಕ ಅಂಗಡಿಯಿಂದಲೇ ಕೂಗಿದರು: "ಈ ಸಲ ಯಾವ ಬೀದಿಗೆ ಒಯ್ಯಬಾರ್ದು, ಮೊದ್ಲೇ ಹೇಳ್ಬಿಡಿ."

ಅವರ ಮುಖದಲ್ಲಿ ನಗು ಇಣುಕುತ್ತಿತ್ತು. ಬೀದಿ ಯಾವುದೆಂದು ಗುಟ್ಟಾಗಿ ಇಡಬೇಕಿತ್ತು. ಹೇಳಿಬಿಟ್ಟೆ. ದಾರಿ ಅಗಲವಾಗಿದೆ, ತಳ್ಳುಗಾಡಿ ಸಲೀಸಾಗಿ ಹೋಗುತ್ತೆ ಅಂತಲೂ ಸೇರಿಸಿದೆ.