ಬಯಲೆಂದು ಬರೆದವಳಿಗೆ ಸೊನ್ನೆ

ಹಾಗಾಗಿ, ಪರೀಕ್ಷಾಧಿಕಾರಿಗಳೇ, ನಿನ್ನೆ ಸೇತುವೆಯ ಕಟ್ಟೆಯ ಮೇಲೆ ಗೆಳೆಯರೆದುರು ಆಡಿದ ಮಾತನ್ನೇ ಇಂದು ಪತ್ರಿಕೆಯ ಅಚ್ಚಿಗೂ ಕೊಡುತ್ತಿದ್ದೇನೆ: ನನ್ನ ಹೆಂಡತಿ ನಿರ್ಮಲಮ್ಮ ಸರಿಯಾದ ಉತ್ತರ ಬರೆದಿದ್ದಳು, ತಾವು ಸೊನ್ನೆ ಕೊಟ್ಟಿರಿ. ನಲವತ್ತು ದಾಟಿದ ಮೇಲೆ ಖಾಸಗಿಯಾಗಿ ಕಟ್ಟಿದ ಎಸ್.ಎಸ್.ಎಲ್.ಸಿ.ಯಲ್ಲಿ ಅವಳು ನಪಾಸಾದದ್ದು ಆ ಒಂದೇ ಪ್ರಶ್ನೆಯಿಂದ.

ಪರಮಾಣುವಿನ ರಚನೆಯನ್ನು ವಿವರಿಸಿ ಎಂದಿರಿ. ತಮ್ಮ ಪಠ್ಯಪುಸ್ತಕದ ಪ್ರಕಾರ ಪರಮಾಣುವೆಂದರೆ ಕೇಸರಿಬಾತು, ಅದರಲ್ಲಿ ದ್ರಾಕ್ಷಿಯಂತೆ ಹುದುಗಿದ ಎಲೆಕ್ಟ್ರಾನುಗಳು. ರುಚಿಯಾಗಿದೆ ಸ್ವಾಮಿ, ಆದರೆ ಹಳಸಿ ಐವತ್ತು ವರ್ಷವಾಯಿತು! ರುದರ್‌ಫರ್ಡ್ ಸಾಹೇಬರ ಶಿಷ್ಯರು ಚಿನ್ನದ ರೇಕಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಹೆಚ್ಚಿನವು ನೆಟ್ಟಗೆ ದಾಟಿದವು, ಎಲ್ಲೋ ಒಂದೊಂದು ತಿರುಗಿ ಬಂದವು. ಕೇಸರಿಬಾತು ಯಾವುದನ್ನು ತಿರುಗಿಸಿ ಎಸೆದೀತು? ನಡುವೆ ಪುಟ್ಟದೊಂದು ಗಟ್ಟಿ ನ್ಯೂಕ್ಲಿಯಸ್, ಸುತ್ತೆಲ್ಲ ಖಾಲಿ ಎಂದು ತಿಳಿದದ್ದು ಆಗ. ಆ ಕೇಸರಿಬಾತಿನ ಚಿತ್ರ ಬರೆದವರು ರುದರ್‌ಫರ್ಡ್ ಸಾಹೇಬರ ಗುರುಗಳೇ; ಗುರುವಿನ ಚಿತ್ರವನ್ನು ಶಿಷ್ಯನ ಪ್ರಯೋಗ ಅಳಿಸಿತು. ಆ ಶಿಷ್ಯನ ಚಿತ್ರವನ್ನೂ ಮುಂದೆ ಬೇರೆಯವರು ತಿದ್ದಿದರು. ‘ಎಕ್ಸ್‌ಪೆರಿಮೆಂಟ್ ಈಸ್ ದ ಫಾದರ್ ಆಫ್ ನಾಲೆಜ್’ ಎಂದು ನಮ್ಮ ಕಾಲೇಜಿನಲ್ಲಿ ಹೇಳುತ್ತಿದ್ದರು. ಫಾದರೋ ಮದರೋ, ಮರೆತಿದ್ದೇನೆ. ತಮ್ಮ ಕಚೇರಿಗೆ ಇಬ್ಬರೂ ಇದ್ದಂತಿಲ್ಲ.

ಪರೀಕ್ಷೆಗೆ ಓದಿಸುವಾಗ ಇದನ್ನು ಹೇಳಿದರೆ ನಿರ್ಮಲಮ್ಮ ನಂಬಲಿಲ್ಲ. “ಕಾಣದ್ದು ಅವರಿಗೆ ಹೆಂಗೆ ಗೊತ್ತಾತು?” ಎಂದಳು. ಮಂಚದ ಕೆಳಗೆ ಗುಂಡುಕಲ್ಲು ಇಟ್ಟು, ಅದು ಕಾಣದಂತೆ ಹೊದಿಕೆ ಇಳಿಬಿಟ್ಟೆ. ಈಚೆಯಿಂದ ಗೋಲಿ ಉರುಳಿಸಿದಳು. ಒಂದರ ಹಿಂದೊಂದು ಆಚೆ ಹೋದವು. ಆಮೇಲೊಂದು ಠಕ್ಕೆಂದು ಅವಳ ಮೊಣಕಾಲಿಗೇ ಬಂತು.

“ಅಯ್ಯ, ವಾಪಸ್ ಬಂತಲ್ರೀ! ಒಳಗ ಏನೋ ಗಟ್ಟಿ ಐತೆ, ಉಳಿದಿದ್ದೆಲ್ಲಾ ಬಯಲು!”

“ಪರೀಕ್ಷೇಲಿ ಖಾಲಿ ಅಂತ ಬರಿ.”

“ಯಾಕ? ಖಾಲಿ ಆಗೋದು ಸಕ್ಕರಿ ಡಬ್ಬಿ. ಇದು ಬಯಲು. ನೀವು ಸುಮ್ನಿರ್ರಿ.”

ಹಾಗೇ ಬರೆದಳು. ಮರುಪರಿಶೀಲನೆ ಕೇಳಿದ್ದಕ್ಕೆ ತಮ್ಮ ಕಚೇರಿಯ ಉತ್ತರ: ಪರೀಕ್ಷೆ ವಿಜ್ಞಾನದ್ದು, ವೇದಾಂತದ್ದಲ್ಲ. ಅದು ಕೈಸೇರಿದಾಗ ಅವಳು ದಾವಣಗೆರೆಯ ಆಸ್ಪತ್ರೆಯಲ್ಲಿದ್ದಳು.

“ಏನಂದ್ರು?”

“ಇನ್ನೂ ನೋಡ್ತಾ ಅದಾರಂತೆ.”

“ದೊಡ್ಡೋರು, ತಡ ಆಗ್ತೈತೆ ಬಿಡ್ರಿ,” ಎಂದು ಎದೆನೋವಿನಲ್ಲೂ ನಕ್ಕಳು.

ಆ ವಾರವೇ ಬಯಲಾದಳು. ನಮ್ಮವರು ಸಾವಿಗೆ ಹೀಗೆಯೇ ಹೇಳುವುದು. ಇದಕ್ಕೂ ಸೊನ್ನೆಯೇ ಸ್ವಾಮಿ?

ಕ್ಷಮಾಪಣೆ ನನಗೆ ಬೇಡ. ಪುಸ್ತಕ ತಿದ್ದಿ. ಅವಳ ಉತ್ತರಕ್ಕೆ ಅಂಕ ಕೊಟ್ಟು, ಪಾಸಾದಳೆಂಬ ಪ್ರಮಾಣಪತ್ರ ಕಳಿಸಿ. ಲಕೋಟೆಯ ಮೇಲೆ ನನ್ನ ಹೆಸರು ಹಾಕಬೇಡಿ, ಅವಳದೇ ಇರಲಿ. ನಮ್ಮ ಅಂಚೆಯ ಗೌಸ್ ಪೀರ್ ಬೀದಿಯಿಂದಲೇ ಹೆಸರು ಹಿಡಿದು ಕೂಗುತ್ತಾನೆ. ಈ ಬಾಗಿಲಲ್ಲಿ ಆ ಹೆಸರನ್ನು ಯಾರೂ ಕೂಗದೆ ಬಹಳ ದಿನವಾಯಿತು. ಒಮ್ಮೆ ಕೂಗಲಿ.

ಇನ್ನೂ ಬರೆಯುವುದಿತ್ತು. ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ.

ಇಂತಿ,
ತಮ್ಮ ಲೆಕ್ಕದಲ್ಲಿ ನಪಾಸಾದವಳ ಗಂಡ
ಬಕ್ಕೇಶಪ್ಪ
ಹರಿಹರ, 1962